ಕರೆಯದೆ ಬರುವ ಹುಳಿ

ಕಳೆದ ಮಾಗಿಯ ಕಾಲದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಬೆಲ್ಜಿಯಂ ದೇಶದಿಂದ ಸಂತೇಬೆನ್ನೂರಿಗೆ ಬಂದಿದ್ದನು. ಅವನು ಬ್ರಸೆಲ್ಸ್ ನಗರದಲ್ಲಿ ಉದ್ಯೋಗದಲ್ಲಿರುವನು. ತಂಗಿಗೆ ಮಗುವಾಗಿ ತವರಿನಲ್ಲಿ ಬಾಣಂತನ ನಡೆಯುತ್ತಿದ್ದುದರಿಂದ ಅವಳನ್ನೂ ತಾಯಿಯನ್ನೂ ನೋಡಿಕೊಂಡು ಹೋಗಲು ರಜಾ ಪಡೆದು ಬಂದವನು, ಒಂದು ಸಾಯಂಕಾಲ ನನ್ನನ್ನು ಕರೆದುಕೊಂಡು ಪುಷ್ಕರಿಣಿಯ ಕಡೆಗೆ ಹೊರಟನು. ಹನುಮಪ್ಪನಾಯಕನು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಆ ಕೊಳದ ಮೆಟ್ಟಿಲುಗಳ ಬಳಿ ಕುಳಿತು ನಡುನೀರಿನ ವಸಂತಮಂಟಪವನ್ನು ನೋಡುತ್ತಿರಲು, ಅವನು ಕೈಚೀಲದಿಂದ ಒಂದು ಸೀಸೆಯನ್ನು ತೆಗೆದು ನನ್ನ ಕೈಯಲ್ಲಿಟ್ಟನು. ದಪ್ಪ ಗಾಜಿನ ಹಸಿರು ಸೀಸೆ. ಒಳಗೆ ಏನೂ ಇಲ್ಲ.

“ತುಂಬಿದ್ದನ್ನು ನಿಮ್ಮ ಮುಂದಿಡಲು ನನಗೆ ಧೈರ್ಯ ಸಾಲದು, ಮೇಷ್ಟ್ರೇ. ವಾಸನೆಯನ್ನಾದರೂ ನೋಡಿ” ಎಂದನು.

ನೋಡಿದೆನು. ಹಳೆಯ ಹುಣಿಸೆಹಣ್ಣು, ನೆನೆದ ಮರ, ಇವುಗಳ ಹಿಂದೆ ಎಲ್ಲಿಯೋ ದನದ ಕೊಟ್ಟಿಗೆ: ಈ ಮೂರೂ ಕಲೆತ ಒಂದು ಗಂಧವು ಬಂದಿತು. ಅದು ಬೀರಿನ ಸೀಸೆಯೆಂದು ಅವನು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಬೀರು ಕುಡಿದವನಲ್ಲದ ನಾನು ಅದರ ರುಚಿಯ ವಿಷಯದಲ್ಲಿ ಏನನ್ನು ಹೇಳಿದರೂ ಅಧಿಕಪ್ರಸಂಗವಾದೀತು. ಆದರೆ ಅದು ಹುಟ್ಟುವ ಬಗೆಯನ್ನು ಅವನು ವಿವರಿಸುತ್ತ ಹೋದಂತೆ ನನಗೆ ಕುತೂಹಲವು ಹೆಚ್ಚಿತು. ಏಕೆಂದರೆ ಆ ಬೀರಿಗೆ ಅದನ್ನು ಮಾಡುವವರು ಹುದುಗನ್ನೇ ಹಾಕುವುದಿಲ್ಲವಂತೆ!

ವಾಚಕರಿಗೆ ಇದರ ವಿಶೇಷವು ತಿಳಿಯಬೇಕಾದರೆ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಲೋಕದಲ್ಲಿ ಮಾರಾಟವಾಗುವ ಬೀರಿನಲ್ಲಿ ಬಹುಪಾಲೆಲ್ಲ ಒಂದೇ ಜಾತಿಯ, ಶುದ್ಧಮಾಡಿ ಬೆಳೆಸಿದ ಯೀಸ್ಟಿನಿಂದ ಆಗತಕ್ಕದ್ದು. ಪಾಸ್ತರ್ ಎಂಬ ಫ್ರೆಂಚ್ ಪಂಡಿತನು ಹುಳಿಯುವಿಕೆಯು ಸೂಕ್ಷ್ಮಜೀವಿಗಳ ಕಾರ್ಯವೆಂದು ತೋರಿಸಿಕೊಟ್ಟು, ೧೮೭೬ರಲ್ಲಿ ಬೀರನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ೧೮೮೩ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹ್ಯಾನ್ಸೆನ್ ಎಂಬವನು ಒಂದೇ ಒಂದು ಯೀಸ್ಟಿನ ಕಣದಿಂದ ಸಂತತಿಯನ್ನು ಬೆಳೆಸುವ ಉಪಾಯವನ್ನು ಕಂಡುಹಿಡಿದನು. ಅಂದಿನಿಂದ ಕಾರ್ಖಾನೆಗಳವರು ಗಾಳಿಯನ್ನು ಕಳ್ಳನೆಂದು ಭಾವಿಸಿ, ಬಾಗಿಲು ಹಾಕಿಕೊಂಡು ಕೆಲಸಮಾಡುವುದನ್ನು ಕಲಿತರು. ಬ್ರಸೆಲ್ಸಿನ ಸುತ್ತಮುತ್ತ, ಸೆನ್ ನದಿಯ ಕಣಿವೆಯಲ್ಲಿ ಮಾತ್ರ ಕೆಲವರು ಬಾಗಿಲು ತೆರೆದುಕೊಂಡೇ ಉಳಿದರು. ಅವರು ಮಾಡುವ ಬೀರಿಗೆ ಲ್ಯಾಂಬಿಕ್ ಎಂದು ಹೆಸರು. ಶಿಷ್ಯನು ನೋಡಿಬಂದದ್ದು ಕಾಂಟಿಯೋನ್ ಎಂಬ ಮನೆತನದವರು ೧೯೦೦ರಲ್ಲಿ ಬ್ರಸೆಲ್ಸಿನ ಆಂಡರ್ಲೆಖ್ಟ್ ಭಾಗದಲ್ಲಿ ಸ್ಥಾಪಿಸಿದ ಸಣ್ಣ ಕಾರ್ಖಾನೆಯನ್ನು. ೧೯೭೮ರಿಂದ ಅದು ಕಾರ್ಖಾನೆಯೂ ಹೌದು, ಬಂದವರಿಗೆ ತೋರಿಸುವ ವಸ್ತುಸಂಗ್ರಹಾಲಯವೂ ಹೌದು.

ಅಲ್ಲಿ ನಡೆಯುವುದೇನೆಂದರೆ: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೊಡನೆ ಮೂರರಲ್ಲೊಂದು ಪಾಲಿನಷ್ಟು ಮೊಳಕೆಯಿಲ್ಲದ ಗೋಧಿಯನ್ನು ಸೇರಿಸಿ ಬಿಸಿನೀರಿನಲ್ಲಿ ನೆನೆಸುವರು. ಮೊಳಕೆಯಲ್ಲಿರುವ ಒಂದು ಶಕ್ತಿಯು ಧಾನ್ಯದ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವುದು. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಬರಿಯ ರಾಗಿಯ ಹಿಟ್ಟಿಗಿಂತ ಸಿಹಿಯಾಗಿರುವುದನ್ನು ಮಗುವಿಗೆ ಸರಿ ಮಾಡಿ ತಿನ್ನಿಸಿದ ತಾಯಂದಿರೆಲ್ಲರೂ ಬಲ್ಲರು, ಅದೇ ಇದು. ಆ ಸಿಹಿನೀರನ್ನು ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಗಂಟೆಗಟ್ಟಲೆ ಕುದಿಸುವರು. ಹೂವು ಹೊಸದಾಗಿರಕೂಡದು, ವರ್ಷಗಟ್ಟಲೆ ಇಟ್ಟು ಕಹಿ ಕಳೆದುಕೊಂಡಿರಬೇಕು. ಅವರಿಗೆ ಬೇಕಾದದ್ದು ಕಹಿಯಲ್ಲ, ಕೆಡದಂತೆ ಕಾಯುವ ಅದರ ಗುಣ. ಬಳಿಕ ಆ ಕುದಿನೀರನ್ನು ಮಾಳಿಗೆಯ ಮೇಲೆ ಇರುವ, ಅಗಲವಾಗಿ ಆಳವಿಲ್ಲದೆ ಇರುವ ತಾಮ್ರದ ತೊಟ್ಟಿಗೆ ಹರಿಯಿಸಿ, ಗವಾಕ್ಷಗಳನ್ನು ತೆರೆದಿಟ್ಟು, ಮನೆಗೆ ಹೋಗಿ ಮಲಗಿಕೊಳ್ಳುವರು. ರಾತ್ರಿಯೆಲ್ಲ ಅದು ತಣಿಯುವುದು. ತೋಟದ ಗಾಳಿಯಲ್ಲಿ, ಮಾಡಿನ ತೊಲೆಗಳಲ್ಲಿ, ಹಂಚಿನ ಸಂದಿಗಳಲ್ಲಿ ಇರತಕ್ಕ ಜೀವಿಗಳು ತಾವಾಗಿ ಬಂದು ಅದರಲ್ಲಿ ಇಳಿಯುವುವು. ಬೆಳಗ್ಗೆ ಅದನ್ನು ಮರದ ಪೀಪಾಯಿಗಳಿಗೆ ತುಂಬುವರು. ಅಷ್ಟೆ, ಮುಂದಿನ ಕೆಲಸವೆಲ್ಲ ಕಾಲಪುರುಷನದು.

ಇದನ್ನು ಅಕ್ಟೋಬರ್ ತಿಂಗಳಿನ ನಡುವಿನಿಂದ ಏಪ್ರಿಲ್‌ವರೆಗೆ, ಚಳಿಯ ಕಾಲದಲ್ಲಿ ಮಾತ್ರ ಮಾಡುವರು. ಬೇಸಗೆಯ ಗಾಳಿಯಲ್ಲಿ ಬೇಡದ ಅತಿಥಿಗಳು ಹೆಚ್ಚು. ಈಚೆಗೆ ಭೂಮಿಯು ಬಿಸಿಯೇರುತ್ತಿರುವುದರಿಂದ ಚಳಿರಾತ್ರಿಗಳು ಕಡಿಮೆಯಾಗಿ, ಇವರ ಕೆಲಸದ ಕಾಲವೂ ಎರಡು ತುದಿಗಳಲ್ಲಿ ಸವೆಯುತ್ತಿದೆಯಂತೆ.

ಪೀಪಾಯಿಯೊಳಗೆ ನಡೆಯುವ ಕಥೆಯು ಒಂದು ಊರಿನ ಇತಿಹಾಸದಂತೆ ಇದೆ. ಮೊದಲ ಕೆಲವು ವಾರ ಒಂದು ಬಗೆಯ ಕ್ಷುದ್ರಜೀವಿಗಳ ಆಳ್ವಿಕೆ. ಆಗ ಅದರ ವಾಸನೆಯನ್ನು ತಡೆಯಲಾಗದು. ಅವುಗಳನ್ನು ಅಡಗಿಸಿ ಯೀಸ್ಟು ತಲೆಯೆತ್ತಿ ಸಕ್ಕರೆಯನ್ನೆಲ್ಲ ಮದ್ಯಸಾರವಾಗಿಸುವುದು. ಬೇಸಗೆ ಬಂದಾಗ ಮೊಸರಿನ ಬಂಧುಗಳಾದ ಹುಳಿಜೀವಿಗಳು ಎಚ್ಚೆತ್ತು ಹುಳಿಯನ್ನು ತರುವುವು. ಕೊನೆಗೆ ಬ್ರೆಟಾನೊಮೈಸಿಸ್ ಎಂಬ ಇನ್ನೊಂದು ಯೀಸ್ಟು, ಉಳಿದವರು ತಿನ್ನಲಾರದೆ ಬಿಟ್ಟದ್ದನ್ನು ನಿಧಾನವಾಗಿ ತಿನ್ನುತ್ತ, ನಾನು ಹೇಳಿದ ಕೊಟ್ಟಿಗೆಯ ಗಂಧವನ್ನು ಕೊಡುವುದು. ೧೯೦೪ರಲ್ಲಿ ಕ್ಲಾಸೆನ್ ಎಂಬವನು ಇದನ್ನು ಇಂಗ್ಲೆಂಡಿನ ಬೀರಿನಲ್ಲಿ ಕಂಡು, ‘ಬ್ರಿಟನ್ನಿನ ಶಿಲೀಂಧ್ರ’ವೆಂದು ಅರ್ಥಬರುವ ಈ ಹೆಸರನ್ನಿಟ್ಟನು. ಮರವು ಉಸಿರಾಡುವುದರಿಂದ ಪೀಪಾಯಿಯ ಒಳಗಿನದು ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗುವುದು. ಹೀಗೆ ಒಂದು, ಎರಡು, ಮೂರು ವರ್ಷ ಇಟ್ಟದ್ದನ್ನು ಒಬ್ಬ ಅನುಭವಸ್ಥನು ನಾಲಗೆಯಿಂದಲೇ ಅಳೆದು ಬೆರೆಸಿ ಸೀಸೆಗೆ ತುಂಬಿದರೆ, ಅದರೊಳಗೆ ಮತ್ತೊಮ್ಮೆ ಹುಳಿಯುವಿಕೆಯು ನಡೆದು ನೊರೆಕಟ್ಟುವುದು. ಇದಕ್ಕೆ ಗೋಜ್ ಎನ್ನುವರು. ಹುಳಿಚೆರಿ ಹಣ್ಣನ್ನು ಹಾಕಿದರೆ ಕ್ರೀಕ್. ಹಣ್ಣಿನ ನೊಣಗಳನ್ನು ಹಿಡಿಯಲೆಂದು ಜೇಡರ ಬಲೆಗಳನ್ನು ಯಾರೂ ಗುಡಿಸುವುದಿಲ್ಲವೆಂಬುದನ್ನು ಕೇಳಿ ನನಗೆ ನಗು ಬಂದಿತು. ನಮ್ಮ ಮನೆಯವರಿಗೆ ಇದನ್ನು ಹೇಳಿದಾಗ, ನನ್ನ ಪುಸ್ತಕದ ಕಪಾಟನ್ನು ಕೂಡ ಬೀರಿನ ಕಾರ್ಖಾನೆಯವರಿಗೆ ಕೊಡಬಹುದೆಂದರು.

“ಇದರಲ್ಲಿ ಅಷ್ಟು ಆಶ್ಚರ್ಯವೇನಯ್ಯ? ನಿಮ್ಮ ತಾಯಿ ರಾತ್ರಿ ಇಡ್ಲಿಯ ಹಿಟ್ಟನ್ನು ರುಬ್ಬಿಟ್ಟು ಮಲಗುವುದಿಲ್ಲವೆ? ಯಾರು ಬಂದು ಹುದುಗನ್ನು ಹಾಕುವರು?” ಎಂದು ನಾನು ಶಿಷ್ಯನನ್ನು ಕೇಳಿದೆನು. ಆಗ ಜಾಣತನವೆನಿಸಿದ ಆ ಮಾತು ಪೂರ್ತಿ ಸರಿಯಲ್ಲವೆಂದು ಆಮೇಲೆ ಓದಿ ತಿಳಿದೆನು. ಇಡ್ಲಿಯ ಹಿಟ್ಟನ್ನು ಉಬ್ಬಿಸುವ ಜೀವಿಗಳು ಹೆಚ್ಚಾಗಿ ಗಾಳಿಯಿಂದ ಬರತಕ್ಕವಲ್ಲ. ಉದ್ದು ಅಕ್ಕಿಗಳ ಮೈಮೇಲೆಯೇ ಹೊಲದಿಂದ ಮನೆಗೆ ಬಂದಿರುವುವು. ಬ್ರಸೆಲ್ಸಿನಲ್ಲಿಯೂ ಗಾಳಿಗೆ ಸಲ್ಲುವಷ್ಟೇ ಕೀರ್ತಿಯು ಹಳೆಯ ಪೀಪಾಯಿಗಳ ಮರಕ್ಕೆ ಸಲ್ಲಬೇಕೆಂದು ಈಗಿನ ವಿಜ್ಞಾನಿಗಳು ಹೇಳುವರು. ಹಿಂದೆ ಇದ್ದವರು ಮರದ ರಂಧ್ರಗಳಲ್ಲಿ ಬೀಜವನ್ನು ಬಿಟ್ಟುಹೋಗಿರುತ್ತಾರೆ.

ಇಡ್ಲಿಯ ಮಾತು ಬಂದಿತು. ಸುಮಾರು ೯೨೦ರ ಕಾಲದ ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯೆಂಬ ಶಬ್ದವಿದೆ. ಚಾವುಂಡರಾಯನ ‘ಲೋಕೋಪಕಾರ’ದಲ್ಲಿ, ಅಂದರೆ ೧೦೨೫ರ ಸುಮಾರಿಗೆ, ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ ಸಂಬಾರಗಳನ್ನು ಕೂಡಿಸುವ ಕ್ರಮವಿದೆ. ಅಲ್ಲಿ ಅಕ್ಕಿಯಿಲ್ಲ; ಇಡೀ ರಾತ್ರಿ ಹುಳಿಯಬಿಡುವ ಮಾತೂ ಇಲ್ಲ. ಅದು ನಮ್ಮ ಅಡಿಗೆಮನೆಗೆ ಆಮೇಲೆ ಬಂದದ್ದು. ಹಾಗೆಂದು ಉದ್ದು ಅಕ್ಕಿಗಳ ಸಖ್ಯವೇ ಹೊಸದೆಂದು ತಿಳಿಯಬಾರದು. ಅದು ಅತಿ ಪ್ರಾಚೀನವಾಗಿ ಕಾಣಿಸಿಕೊಳ್ಳುವುದು ಬೇರೊಂದು ಮನೆಯಲ್ಲಿ. ಹೇಳಿದರೆ ಮಡಿವಂತರು ಹುಬ್ಬುಗಂಟಿಕ್ಕುವರೇನೋ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ೧೯೦೫ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯು ಸಿಕ್ಕಿ, ೧೯೦೯ರಲ್ಲಿ ಅವರು ಅದನ್ನು ಅಚ್ಚುಮಾಡಿಸಿದುದನ್ನು ಕನ್ನಡಿಗರು ಮರೆಯಲಾರರು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವೊಂದುಂಟು. ಮೇದಕವೆಂಬ ಪಾನಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಲ್ಲಿ ಲೆಕ್ಕವಿದೆ. ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣವಾದುದರಿಂದ, ಹದಿನಾರು ಪಾಲು ನೀರಿಗೆ ಎರಡು ಪಾಲು ಅಕ್ಕಿ, ಮೂರು ಪಾಲು ಕಿಣ್ವವಾಯಿತು. ಅಕ್ಕಿಗಿಂತ ಹೆಚ್ಚಾಗಿ ಬೀಳುವ ಈ ಕಿಣ್ವವೇನು? ಉದ್ದಿನ ಹಿಟ್ಟು, ಹಸಿಯದಾಗಲಿ ಬೇಯಿಸಿದ್ದಾಗಲಿ ಒಂದು ದ್ರೋಣ. ಅದಕ್ಕಿಂತ ಹೆಚ್ಚಾದ ಅಕ್ಕಿ. ಕೆಲವು ಮೂಲಿಕೆಗಳು ಒಂದೊಂದು ಕರ್ಷ. ಮೂಲಿಕೆಗಳನ್ನು ಬಿಟ್ಟರೆ ಉಳಿದದ್ದು ಯಾವ ಪಾತ್ರೆಯಲ್ಲಿ ಇರುವುದೆಂದು ನಮ್ಮ ಗೃಹಿಣಿಯರಿಗೆ ನಾನು ಹೇಳಬೇಕಾಗಿಲ್ಲ. (ಈಗಿನ ಶಾಲಾಪುಸ್ತಕಗಳಲ್ಲಿ ‘ಕಿಣ್ವ’ವೆಂಬ ಶಬ್ದವನ್ನು ಎನ್‌ಜೈಮ್ ಎಂಬುದಕ್ಕೆ ಬಳಸುತ್ತಾರೆ. ಶಾಸ್ತ್ರಗಳಲ್ಲಿ ಅದಕ್ಕೆ ಮದ್ಯದ ಹುದುಗು ಎಂದೇ ಅರ್ಥ. ಮೂವತ್ತು ವರ್ಷ ಈ ಮಾತನ್ನು ಹೇಳುತ್ತ ಬಂದೆನು; ವಿಜ್ಞಾನದ ಉಪಾಧ್ಯಾಯರು ನಗುತ್ತ ಬಂದರು.)

ಅದೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ. ಮದ್ಯದ ವ್ಯಾಪಾರವನ್ನೆಲ್ಲ ರಾಜನ ಹತೋಟಿಯಲ್ಲಿಟ್ಟ ಕೌಟಿಲ್ಯನು ಕುಟುಂಬಿಗಳಿಗೆ ಮಾತ್ರ ಒಂದು ಸಡಿಲವನ್ನು ಕೊಟ್ಟಿರುವನು: ಮನೆಯ ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ, ಔಷಧಾರ್ಥವಾಗಿ ಅರಿಷ್ಟವನ್ನೂ ಅವರು ಮಾಡಿಕೊಳ್ಳಬಹುದು. ಅರಿಷ್ಟವೆಂಬ ಈ ಶಬ್ದವೇ ಮರುದಿನ ನನ್ನ ಶಿಷ್ಯನ ಮನೆಯಲ್ಲಿ ಗೊಂದಲಕ್ಕೆ ಕಾರಣವಾಯಿತು.

ಆ ಮನೆಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ಶಿಷ್ಯನ ತಂದೆಯು ಒಳ್ಳೆಯ ಒಕ್ಕಲಿಗನಾಗಿದ್ದವನು, ಸಾರಾಯಿಯ ಚಟಕ್ಕೆ ಬಿದ್ದು, ಅಡಕೆಯ ತೋಟದಲ್ಲಿ ಅರ್ಧವನ್ನು ಕಳೆದು, ಮಕ್ಕಳು ಶಾಲೆಯಲ್ಲಿರುವಾಗಲೇ ತೀರಿಕೊಂಡನು. ೨೦೦೭ರಲ್ಲಿ ಸರ್ಕಾರವು ಸಾರಾಯಿಯನ್ನು ನಿಷೇಧಿಸಿದಾಗ ಆ ತಾಯಿಯು ಆಂಜನೇಯನಿಗೆ ಎಲೆಪೂಜೆಯನ್ನು ಮಾಡಿಸಿದರು. ಅಂದಿಗೂ ಇಂದಿಗೂ ಆ ಮನೆಯಲ್ಲಿ ಮದ್ಯದ ಹೆಸರನ್ನು ಎತ್ತುವಂತಿಲ್ಲ. ಮಗನು ಬರಿದಾದ ಸೀಸೆಯನ್ನು ಕೂಡ ಮನೆಯಲ್ಲಿ ತೆಗೆಯದೆ ಪುಷ್ಕರಿಣಿಯ ಬಳಿ ತೆಗೆದುದಕ್ಕೆ ಕಾರಣವಿದು. ಆದರೂ ಸೀಸೆಯು ತಾಯಿಯ ಕಣ್ಣಿಗೆ ಬಿದ್ದಿತು. ನನ್ನನ್ನು ಕರೆಯಿಸಿದರು. ನಾನು ಹೋಗುವ ವೇಳೆಗೆ ಮಗನು ಸಮಾಧಾನಕ್ಕೆಂದು, ಹುಳಿಯುವ ಕ್ರಮವನ್ನೆಲ್ಲ ತಾಯಿಗೆ ವಿವರಿಸಿ, ನೀನು ತಂಗಿಗೆ ಕೊಡುತ್ತಿರುವ ಅರಿಷ್ಟವೂ ಹೀಗೆಯೇ ಆಗುವುದು ಎಂದುಬಿಟ್ಟಿದ್ದನು! ಓದಿದವರ ಸಮಾಧಾನಗಳು ಕೆಲವು ಸಲ ಹೀಗಾಗುವುದುಂಟು.

ಆ ತಾಯಿಯು ಬಾಗಿಲಲ್ಲಿಯೇ ನಿಂತು, “ಮೇಷ್ಟ್ರೇ, ನಿಜ ಹೇಳಿಬಿಡಿ. ಇಷ್ಟು ದಿನ ನಾನು ಬಾಣಂತಿಗೆ ಹೆಂಡ ಕುಡಿಸಿದೆನೆ?” ಎಂದು ಕೇಳಿದರು. ಕೈಯಲ್ಲಿ ದಶಮೂಲಾರಿಷ್ಟದ ಸೀಸೆಯಿದ್ದಿತು.

ಇಲ್ಲವೆಂದು ಹೇಳಿ ಕಾಫಿ ಕುಡಿದು ಬರುವುದು ಸುಲಭವಾಗಿದ್ದಿತು. ಆದರೆ ಸಂಸ್ಕೃತವನ್ನು ಓದಿದವನಿಗೆ ಇಲ್ಲಿ ಒಂದು ತೊಡಕಿದೆ. ಧರ್ಮಶಾಸ್ತ್ರವು ಸುರೆಯನ್ನು ಮೂರು ಬಗೆಯಾಗಿ ಹೇಳುವುದು: ಬೆಲ್ಲದಿಂದಾದ ಗೌಡೀ, ಹಿಟ್ಟಿನಿಂದಾದ ಪೈಷ್ಟೀ, ಮಧುವಿನಿಂದಾದ ಮಾಧ್ವೀ. ಬ್ರಸೆಲ್ಸಿನ ಬೀರು ಪೈಷ್ಟಿಯಾಯಿತು. ಅರಿಷ್ಟವೋ? ಶಾರ್ಙ್ಗಧರನ ಸಂಹಿತೆಯಲ್ಲಿ ಅದರ ಸಾಮಾನ್ಯ ಲೆಕ್ಕವಿದೆ: ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಬೆಲ್ಲದ ಅರ್ಧದಷ್ಟು ಜೇನು, ಹತ್ತನೆಯ ಒಂದು ಪಾಲು ಚೂರ್ಣ. ಮೂಲಿಕೆಯನ್ನು ಹಸಿಯಾಗಿ ಹಾಕಿದರೆ ಆಸವ, ಕಷಾಯಮಾಡಿ ಹಾಕಿದರೆ ಅರಿಷ್ಟ. ತುಪ್ಪ ಸವರಿದ ಗಡಿಗೆಯಲ್ಲಿ ತುಂಬಿ, ಧಾತಕೀಪುಷ್ಪವನ್ನು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಧಾನ್ಯದ ರಾಶಿಯಲ್ಲಿ ಹುಗಿದಿಡುವರು. ಶಾಖವು ಹೆಚ್ಚುಕಡಮೆಯಾಗದಿರಲೆಂದು ಈ ಧಾನ್ಯರಾಶಿ. ಯೀಸ್ಟನ್ನು ಯಾರೂ ಹಾಕುವುದಿಲ್ಲ. ಅದು ಆ ಕೆಂಪುಹೂವಿನ ಮೈಮೇಲೆಯೇ ಕಾಡಿನಿಂದ ಬಂದಿರುವುದು. ಒಂದು ತಿಂಗಳಾದ ಮೇಲೆ ವೈದ್ಯನು ಗಡಿಗೆಗೆ ಕಿವಿಗೊಟ್ಟು ಕೇಳುವನು. ಒಳಗೆ ಸದ್ದು ನಿಂತಿರಬೇಕು, ಚೂರ್ಣವು ತಳಕ್ಕಿಳಿದಿರಬೇಕು, ಬಾಯಿಯ ಬಳಿ ಹಿಡಿದ ದೀಪವು ನಂದದೆ ಉರಿಯಬೇಕು. ಇನ್ನೂ ಹುಳಿಯುತ್ತಿದ್ದರೆ ಅದರಿಂದ ಹೊರಡುವ ಅಂಗಾರಾಮ್ಲವಾಯುವು ದೀಪವನ್ನು ನಂದಿಸಿಬಿಡುವುದು. ಈಗ ಔಷಧಶಾಲೆಗಳಲ್ಲಿ ಗಡಿಗೆಗೆ ಬದಲಾಗಿ ದೊಡ್ಡ ಮರದ ಪೀಪಾಯಿಗಳನ್ನೂ ಇಡುವರೆಂಬುದನ್ನು ಕೇಳಿದಾಗ ಬ್ರಸೆಲ್ಸಿನ ಮಾಳಿಗೆಯು ನನ್ನ ಕಣ್ಣಮುಂದೆ ಬಂದಿತು. ಅಲ್ಲಿ ಮರವು ಉಸಿರಾಡಲೆಂದು ವರ್ಷಗಟ್ಟಲೆ ಬಿಡುವರು. ಇಲ್ಲಿ ತುಪ್ಪ ಸವರಿ ಉಸಿರುಗಟ್ಟಿಸಿ ಬೇಗನೆ ಮುಗಿಸುವರು. ಭೇದವಿರುವುದು ಇಷ್ಟು.

ಹೀಗೆ ದ್ರವ್ಯದ ಲೆಕ್ಕದಿಂದ ನೋಡಿದರೆ ಅರಿಷ್ಟವು ಗೌಡಿಯ ಪಂಕ್ತಿಯಲ್ಲಿಯೇ ಕುಳಿತುಕೊಳ್ಳುವುದು. ಚರಕಮುನಿಯು ಸೂತ್ರಸ್ಥಾನದಲ್ಲಿ ಎಂಬತ್ತನಾಲ್ಕು ಆಸವಗಳನ್ನು ಎಣಿಸಿರುವನು. ಅವನಿಗೆ ಇದರಲ್ಲಿ ಸಂಕೋಚವೇನೂ ಇದ್ದಂತಿಲ್ಲ. ಅರಿಷ್ಟವೆಂದರೆ ಕೆಡುಕಿಲ್ಲದ್ದು, ಕೆಡದೆ ಉಳಿಯುವುದು. ಕೆಡದಿರುವುದಕ್ಕೆ ಕಾರಣವಾದರೂ ಅದರಲ್ಲಿ ಹುಟ್ಟಿದ ಮದ್ಯಸಾರವೇ. ಮೂಲಿಕೆಯ ಸಾರವನ್ನು ಹೊರಕ್ಕೆಳೆದು ಹಿಡಿದಿಡುವುದೂ ಅದೇ.

ನಾನು ಆ ತಾಯಿಗೆ ಈ ಶ್ಲೋಕಗಳನ್ನೆಲ್ಲ ಹೇಳಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು, ಇರುವೆಯ ಸಾಲಿನಂತಿದ್ದ ಅಕ್ಷರಗಳನ್ನು ಓದಿ, ‘ಸ್ವಯಂಜನಿತ ಮದ್ಯಸಾರ, ನೂರಕ್ಕೆ ೫ರಿಂದ ೧೦’ ಎಂಬುದನ್ನು ಕನ್ನಡದಲ್ಲಿ ತಿಳಿಸಿದೆನು. ಬೀರಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ೫ ಇರುವುದು. ಅವರು ಗೋಡೆಗೆ ಒರಗಿ ಕುಳಿತುಬಿಟ್ಟರು.

“ಪೂರ್ತಿ ಕೇಳಿ, ತಾಯಿ” ಎಂದೆನು. “ದಿನಕ್ಕೆ ಎರಡು ಸಲ ಹದಿನೈದು ಮಿಲಿಯಂತೆ ನೀವು ಕೊಟ್ಟದ್ದು ಮೂವತ್ತು ಮಿಲಿ. ಅದರಲ್ಲಿ ಮದ್ಯಸಾರವು ಹೆಚ್ಚೆಂದರೆ ಮೂರು ಮಿಲಿ. ಒಂದು ಸಣ್ಣ ಸೀಸೆ ಬೀರು ಕುಡಿದವನ ಹೊಟ್ಟೆಗೆ ಹದಿನಾರು ಮಿಲಿ ಹೋಗುವುದು.”

ಇದಾದ ಮೇಲೆ ಅವರು ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. “ಹಾಗಾದರೆ ಅವರು ಕುಡಿದು ಹಾಳಾದದ್ದೂ ಈ ಹುಳಿಯಿಂದಲೇ ಅಲ್ಲವೆ?” ಎಂದರು.

ಇದಕ್ಕೆ ಉತ್ತರ ಹೇಳಲು ಈಚಲಮರದ ವಿಷಯವನ್ನು ತೆಗೆದೆನು. ನಮ್ಮ ಹಳ್ಳಗಳ ದಂಡೆಯಲ್ಲಿ ಈಚಲು ಧಾರಾಳ. ಮುಂಜಾನೆ ಇಳಿಸಿದ ನೀರು ಸಿಹಿ. ಗಡಿಗೆಗೆ ಸುಣ್ಣ ಬಳಿದಿದ್ದರೆ ಇನ್ನೂ ಕೆಲವು ಹೊತ್ತು ಸಿಹಿ. ಬಳಿಯದಿದ್ದರೆ ಏರುಹೊತ್ತಿಗೆ ನೊರೆ, ಸಂಜೆಗೆ ಹೆಂಡ, ಮರುದಿನ ಬರಿಯ ಹುಳಿ. ಹಳೆಯ ಗಡಿಗೆಯೇ ಅದಕ್ಕೆ ಹುದುಗು. ೨೦೦೪ರಲ್ಲಿ ಹೆಂಡವೂ ಕರಾವಳಿಯ ದಕ್ಷಿಣಕನ್ನಡ, ಉಡುಪಿ ಜಿಲ್ಲೆಗಳನ್ನು ಬಿಟ್ಟು ನಿಷಿದ್ಧವಾಯಿತು. ಮರ ಹತ್ತುತ್ತಿದ್ದ ಮನೆತನಗಳ ಬಾಳು ಆಗ ಏನಾಯಿತೆಂಬುದು ಇನ್ನೊಂದು ಲೇಖನಕ್ಕೆ ಆಗುವಷ್ಟಿದೆ. ಅದು ಹಾಗಿರಲಿ. ತಾನಾಗಿ ಹುಳಿಯುವುದಕ್ಕೆ ಪ್ರಕೃತಿಯು ಒಂದು ಎಲ್ಲೆಯನ್ನು ಹಾಕಿದೆ. ಮದ್ಯಸಾರವು ನೂರಕ್ಕೆ ಹನ್ನೆರಡು, ಹದಿನೈದು ಆಗುವಷ್ಟರಲ್ಲಿ ಅದನ್ನು ಹುಟ್ಟಿಸಿದ ಯೀಸ್ಟೇ ಅದರಲ್ಲಿ ಮುಳುಗಿ ಸಾಯುವುದು. ಆ ಎಲ್ಲೆಯನ್ನು ದಾಟಿಸುವುದು ಬೆಂಕಿ. ಹುಳಿದದ್ದನ್ನು ಕಾಯಿಸಿ, ಆವಿಯನ್ನು ತಣಿಸಿ ಹಿಡಿದರೆ, ಅದು ಬೇಕಾದಷ್ಟು ತೀಕ್ಷ್ಣವಾಗುವುದು. ಆ ಮನೆಯ ಯಜಮಾನನು ಕುಡಿದದ್ದು ಹೀಗೆ ಭಟ್ಟಿಯಿಳಿಸಿದ ಸಾರಾಯಿಯನ್ನು. ಹೆಂಡ ಕುಡಿದು ಹಾಳಾದವರಿಲ್ಲವೆಂದು ಇದರ ಅರ್ಥವಲ್ಲ. ಅಂಥವರನ್ನು ನಾನು ಬಲ್ಲೆನು. ನೂರಕ್ಕೆ ೫ ಇರುವುದನ್ನು ಆರು ಸಲ ಕುಡಿಯುವವನನ್ನು ಯಾವ ಪ್ರಕೃತಿಯೂ ತಡೆಯಲಾರದು.

ಅವರು ಬಹಳ ಹೊತ್ತು ಸುಮ್ಮನಿದ್ದು, “ತಾಯಿ ಕುಡಿದದ್ದು ಎದೆಹಾಲಿಗೆ ಬರುವುದೆ?” ಎಂದು ಕೇಳಿದರು.

ಸ್ವಲ್ಪಮಟ್ಟಿಗೆ ಬರುವುದೆಂದು ಹೇಳಬೇಕಾಯಿತು. ಮದ್ಯಸಾರವು ಹಾಲಿನಲ್ಲಿ ಇಳಿಯುವುದೆಂಬುದು ನಿಶ್ಚಯ. ಮೂರು ಮಿಲಿಯಿಂದ ಮಗುವಿಗೆ ಏನಾದರೂ ಆಗುವುದೆ ಎಂಬುದನ್ನು ಹೇಳಲು ನಾನು ವೈದ್ಯನಲ್ಲ. ಅವರ ಅತ್ತೆಯವರು ಅವರ ಬಾಣಂತನದಲ್ಲಿ ಇದನ್ನೇ ಕೊಟ್ಟಿದ್ದರು, ಅವರಿಗೆ ಅವರ ಅತ್ತೆಯವರು. ಮಗನು ಇಷ್ಟು ಎತ್ತರಕ್ಕೆ ಬೆಳೆದು ಎದುರಿಗೆ ನಿಂತಿದ್ದನು. ಆದರೂ ಆ ಮಾತನ್ನು ಪುರಾವೆಯಾಗಿ ಹೇಳಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಅಣ್ಣ ತಂಗಿಯರು ಮಗುವನ್ನು ಎತ್ತಿಕೊಂಡು ಚನ್ನಗಿರಿಗೆ ಹೋಗಿ ಆಯುರ್ವೇದದ ವೈದ್ಯರನ್ನು ಕಂಡರು. ವೈದ್ಯರು ನಗಲಿಲ್ಲ, ಗದರಲೂ ಇಲ್ಲ; ಅದೇ ಹತ್ತು ಬೇರುಗಳನ್ನು ಹುಳಿಯಿಸದೆ, ಅಂದಂದಿಗೆ ಕಷಾಯಮಾಡಿ ಕೊಡಬಹುದೆಂದು ಬೇರಿನ ಪೊಟ್ಟಣವನ್ನು ಕೊಟ್ಟು ಕಳುಹಿಸಿದರು. ಕಷಾಯವು ಅರಿಷ್ಟದಷ್ಟು ದಿನ ನಿಲ್ಲುವುದಿಲ್ಲ. ಬೆಳಗ್ಗೆ ಮಾಡಿದ್ದು ಮರುದಿನಕ್ಕೆ ಇರಕೂಡದು. ಆದುದರಿಂದ ನಿತ್ಯವೂ ಒಲೆಯ ಮುಂದೆ ಅರ್ಧ ಗಂಟೆಯ ಕೆಲಸವು ಹೆಚ್ಚಾಯಿತೆಂದು ಆ ತಾಯಿಯೇ ನನಗೆ ಹೇಳಿದರು. ಕಹಿಯೆಂದು ಮಗಳು ದಿನವೂ ಮುಖ ಸಿಂಡರಿಸುವಳಂತೆ. ಅರಿಷ್ಟದ ಸಿಹಿಗೆ ಹಾಗಾಗುತ್ತಿರಲಿಲ್ಲ.

ಶಿಷ್ಯನು ರಜಾ ಮುಗಿಸಿ ಹಿಂದಿರುಗಿದನು. ಹೋಗುವ ಮುನ್ನ, ಬ್ರಸೆಲ್ಸಿನ ಮನೆಯಲ್ಲಿ ತಾನು ರುಬ್ಬಿದ ಇಡ್ಲಿಯ ಹಿಟ್ಟು ಚಳಿಗೆ ಎರಡು ದಿನವಾದರೂ ಉಬ್ಬುವುದಿಲ್ಲವೆಂದು ತಾಯಿಯೊಡನೆ ಹೇಳಿಕೊಂಡನು. ಉಪ್ಪನ್ನು ಉಬ್ಬಿದ ಮೇಲೆ ಹಾಕು, ಬೆಚ್ಚಗಿನ ಜಾಗದಲ್ಲಿ ಕಂಬಳಿ ಸುತ್ತಿ ಇಡು ಎಂದು ಅವರು ಹೇಳಿಕೊಟ್ಟರು. ಸೀಸೆಯನ್ನು ಅವನು ನನಗೆಂದು ಬಿಟ್ಟುಹೋಗಿದ್ದನು. ಗಾಜು ದಪ್ಪವಾಗಿದೆ, ಬಿರಡೆ ಭದ್ರವಾಗಿದೆ ಎಂದು ಆ ತಾಯಿಯು ಅದನ್ನು ಕೇಳಿ ತೆಗೆದುಕೊಂಡು, ಸೀಗೆಪುಡಿ ಹಾಕಿ ಮೂರು ಸಲ ತೊಳೆದು, ಬಿಸಿಲಿಗಿಟ್ಟು, ಈಗ ಮಗುವಿನ ಅಭ್ಯಂಜನದ ಹರಳೆಣ್ಣೆಯನ್ನು ಅದರಲ್ಲಿ ತುಂಬಿಟ್ಟುಕೊಂಡಿರುವರು.